ಹಸಿ ದಂತದ ಘೋಡಿ

ಬೋರಗಾಂವದಲ್ಲಿ ಕರೆಂಟು ಹೋಯಿತೆಂದರೆ ಊರಿಗೆ ಊರೇ ಬೈಯುತ್ತದೆ. ಪಾವರ್‌ಲೂಮುಗಳ ಖಟಖಟ ನಿಲ್ಲುತ್ತದೆ. ಮಗ್ಗದವರು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು, ತಂಬಾಕು ತಿಕ್ಕುತ್ತ, ಕರೆಂಟಿನವರ ಮನೆತನವನ್ನೆಲ್ಲ ನೆನೆಯುತ್ತಾರೆ. ಆ ಹೊತ್ತಿಗೆ ಖುಷಿಪಡುತ್ತಿದ್ದವನು ಮೈಬೂಬ ಒಬ್ಬನೇ. ಮಗ್ಗ ನಿಂತು ನೆಲದ ನಡುಕ ಅಡಗಿತೋ ಇಲ್ಲವೋ, ಗೋಡೆಗೆ ಒರಗಿಸಿಟ್ಟ ತಂಬೂರಿಯನ್ನು ತೊಡೆಯ ಮೇಲೆ ಎಳೆದುಕೊಂಡು ಕೆಲಸಕ್ಕೆ ಕುಳಿತುಬಿಡುತ್ತಿದ್ದ. ಅವನ ಕೆಲಸ ಜವಾರಿ ತೆರೆಯುವುದು.

ಜವಾರಿ ಎಂದರೆ ನಮ್ಮ ಕಡೆ ನಾಟಿ ತಳಿಯ ಕೋಳಿ, ಬದನೆಕಾಯಿ, ಜೋಳ ನೆನಪಾಗುತ್ತವೆ. ಇದು ಬೇರೆ. ತಂಬೂರಿಯ ಬುರುಡೆಯ ಮೇಲೆ ನಾಲ್ಕು ತಂತಿಗಳು ಹಾಯುವಲ್ಲಿ ಬೆರಳುದ್ದದ ಒಂದು ಪಟ್ಟಿ ಇರುತ್ತದೆ. ಅದಕ್ಕೆ ಘೋಡಿ ಎನ್ನುತ್ತಾರೆ. ಕಟ್ಟಿಗೆಯದು, ಎಲುಬಿನದು, ಹಿಂದೆ ಆನೆಯ ದಂತದ್ದೂ ಇರುತ್ತಿತ್ತು. ಅದರ ಬೆನ್ನನ್ನು ಸಣ್ಣ ಕಾನಸಿನಿಂದ, ಅಂದರೆ ಅರದಿಂದ, ಕೂದಲೆಳೆಯಷ್ಟು ಉಜ್ಜುತ್ತ ಹೋದರೆ, ತಂತಿ ಅದರ ಮೇಲೆ ಸವರಿಕೊಂಡು ಮಿಡಿದು, ಮೊಂಡಾಗಿದ್ದ ನಾದ ಅರಳುತ್ತದೆ. ಒಂದು ಉಜ್ಜು ಕಡಿಮೆಯಾದರೆ ನಾದ ಮುಚ್ಚಿಕೊಂಡೇ ಇರುತ್ತದೆ. ಒಂದು ಹೆಚ್ಚಾದರೆ ಘೋಡಿ ಕೆಟ್ಟಿತು, ಕಿತ್ತು ಒಲೆಗೆ ಹಾಕಬೇಕು. ಅಷ್ಟು ಸೂಕ್ಷ್ಮದ ಕೆಲಸ ಬಲ್ಲವರು ಗಡಿಯಾಚೆ ಮೀರಜದಲ್ಲಿ ನಾಲ್ಕು ಮನೆಗಳಲ್ಲಿದ್ದಾರು. ಈಚೆ ಕಡೆ ಇದ್ದವನು ಮೈಬೂಬ. ಮೀರಜದ ಅಂಗಡಿಯವರು ತಮ್ಮ ಕೈಲಾಗದ ತಂಬೂರಿಗಳನ್ನು ಬಸ್ಸಿನ ಟಾಪಿನ ಮೇಲೆ ಹಾಕಿ ಅವನಿಗೆ ಕಳಿಸುತ್ತಿದ್ದರು.

ನಾನು ಪ್ರಾಜಕ್ತಾ. ಚಿಕ್ಕೋಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಸಂಗೀತ ಕಲಿಸಿದವಳು. ನನ್ನ ಬಾಯಿ ಸ್ವಲ್ಪ ಜೋರು, ಸಿಟ್ಟು ಮೂಗಿನ ತುದಿಯಲ್ಲೇ; ಹುಡುಗಿಯರು ಹಿಂದಿನಿಂದ ನನಗೇನು ಹೆಸರಿಟ್ಟಿದ್ದರು ಎಂಬುದೂ ನನಗೆ ಗೊತ್ತು. ಶಾಲೆಯ ಎರಡು ತಂಬೂರಿ, ನನ್ನದೊಂದು, ವರ್ಷಕ್ಕೊಮ್ಮೆ ಬೋರಗಾಂವಕ್ಕೆ ಒಯ್ಯುತ್ತಿದ್ದೆ. ಮೈಬೂಬ ನನಗಿಂತ ಎಂಟು ಹತ್ತು ವರ್ಷ ದೊಡ್ಡವನು. ಎದುರಿಗೆ ಚಾಚಾ ಎನ್ನುತ್ತೇನೆ, ಬರೆಯುವಾಗ ಅವನು ಎನ್ನುತ್ತೇನೆ. ಇನ್ನೊಬ್ಬರ ಮಾತು ಬರಲಿಕ್ಕಿದೆ, ಅವರಿಗೆ ಬಹುವಚನ ತಾನಾಗಿ ಬರುತ್ತದೆ. ನಮ್ಮ ಕಡೆಯ ರೂಢಿ ಹೀಗೇ. ಈಗ ತಿದ್ದಿ ಬರೆದರೆ ಸುಳ್ಳು ಹೇಳಿದ ಹಾಗಾದೀತು.

ಆ ಇನ್ನೊಬ್ಬರು ಅಕ್ಕೋಳದ ವಿರುಪಾಕ್ಷಪ್ಪನವರು. ಕಬ್ಬು, ದ್ರಾಕ್ಷಿ, ದೊಡ್ಡ ಮನೆ, ಪಡಸಾಲೆಯಲ್ಲಿ ತೂಗುಮಂಚ. ಹಾಡಲು ಬರುವುದಿಲ್ಲ, ನುಡಿಸಲು ಬರುವುದಿಲ್ಲ. ಆದರೆ ಅಂಥ ಕಿವಿ ನಾನು ಬೇರೆಲ್ಲೂ ಕಂಡಿಲ್ಲ. ವರ್ಷಕ್ಕೆರಡು ಸಲ ಪುಣೆ ಕಡೆಯ ಗಾಯಕರನ್ನು ಕರೆಸಿ ಬೈಠಕ್ ಮಾಡಿಸುತ್ತಿದ್ದರು. ಮೈಬೂಬ ಅವರನ್ನು ಸಾವಕಾರ್ರು ಎನ್ನುತ್ತಿದ್ದ, ಅವರು ಅವನನ್ನು ದೋಸ್ತ ಎನ್ನುತ್ತಿದ್ದರು. ನಲವತ್ತು ವರ್ಷದ ಸ್ನೇಹ. ಬೋರಗಾಂವದಲ್ಲಿ ಕೆಲಸ ಮುಗಿದ ಪ್ರತಿ ತಂಬೂರಿಯೂ ಮೀರಜಕ್ಕೆ ಹೋಗುವ ಮುಂಚೆ ಅಕ್ಕೋಳಕ್ಕೆ ಹೋಗುತ್ತಿತ್ತು. ಮೈಬೂಬ ಅದನ್ನು ಹೆಗಲ ಮೇಲೆ ಹೊತ್ತು ಬಸ್ಸು ಹತ್ತುತ್ತಿದ್ದ. ಸಾವಕಾರರು ತೂಗುಮಂಚದ ಮೇಲೆ ಕುಳಿತು ಒಂದೊಂದೇ ತಂತಿ ಮಿಡಿದು, "ಮೂರನೇದ್ದು ಇನ್ನೊಂದು ಉಜ್ಜು" ಎಂದರೆ ಅವನು ಅಲ್ಲೇ ಕುಳಿತು ಉಜ್ಜುತ್ತಿದ್ದ. "ಆತು" ಎಂದರೆ ಗಂಟು ಕಟ್ಟುತ್ತಿದ್ದ. ಇದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು. ಇಷ್ಟು ದೊಡ್ಡ ಕೆಲಸಗಾರ, ಒಬ್ಬ ಶ್ರೀಮಂತನ ಅಪ್ಪಣೆಗೆ ಯಾಕೆ ಕಾಯಬೇಕು ಎಂದು ಒಮ್ಮೆ ಮುಖಕ್ಕೇ ಕೇಳಿದ್ದೆ. ಅವನು ನನ್ನ ಮುಖ ನೋಡಿ ನಕ್ಕಿದ್ದ, ಅಷ್ಟೇ.

ಅದರ ಕಾರಣ ನನಗೆ ತಿಳಿದದ್ದು ಬಹಳ ತಡವಾಗಿ, ಚಿಕ್ಕೋಡಿಯ ಕೋರ್ಟಿನಲ್ಲಿ. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೈಬೂಬನಿಗೆ ಕಿವಿ ಹೋಗಿತ್ತು. ಜವಾರಿ ಕೆಲಸದಿಂದ ಹೊಟ್ಟೆ ತುಂಬದೆ ಹರೆಯದಲ್ಲಿ ಇಪ್ಪತ್ತು ವರ್ಷ ಮಗ್ಗದಲ್ಲಿ ದುಡಿದಿದ್ದ. ಆ ಖಟಖಟ ಅವನ ಕಿವಿಯನ್ನು ತಿಂದುಹಾಕಿತ್ತು. ಹತ್ತು ಹನ್ನೆರಡು ವರ್ಷದಿಂದ ಅವನು ಬೆರಳಿನಿಂದ ಉಜ್ಜುತ್ತಿದ್ದ, ತುಟಿ ನೋಡಿ ಮಾತಾಡುತ್ತಿದ್ದ. ಬೋರಗಾಂವದಲ್ಲಿ ಎಲ್ಲರೂ ಕೂಗಿಯೇ ಮಾತಾಡುವವರು, ಹಾಗಾಗಿ ಯಾರ ಗಮನಕ್ಕೂ ಬಂದಿರಲಿಲ್ಲ. ಹೆಂಡತಿ ಮೆಹರುಬಿಗೆ ಗೊತ್ತಿತ್ತೋ ಏನೋ, ಅವಳು ತೀರಿಕೊಂಡು ಹನ್ನೊಂದು ವರ್ಷ. ಮಗಳು ನಾಜಿಮಾ ನಿಪ್ಪಾಣಿಯಲ್ಲಿ ಗಂಡನ ಮನೆಯಲ್ಲಿ. ಅಪ್ಪನಿಗೆ ಸ್ವಲ್ಪ ಕಡಿಮೆ ಕೇಳುತ್ತದೆ ಎಂದಷ್ಟೇ ಅವಳ ತಿಳಿವಳಿಕೆ. ಪೂರಾ ಗೊತ್ತಿದ್ದದ್ದು ವಿರುಪಾಕ್ಷಪ್ಪನವರಿಗೆ ಒಬ್ಬರಿಗೆ. ಕೊನೆಯ "ಆತು" ಅನ್ನುವ ಕಿವಿ ಅವರದು. ಅವರು ಇಲ್ಲದಿದ್ದರೆ ಮೈಬೂಬನ ಕೆಲಸವೇ ಇಲ್ಲ.

ಈಗ ದಂತದ ಮಾತು. ಈ ಕಸುಬಿನಲ್ಲಿ ಯಾರೂ ಅದರ ಹೆಸರು ಹೇಳುವುದಿಲ್ಲ. ಬೆಳ್ಳಗಿದ್ದದ್ದೆಲ್ಲ "ಹಳೇ ಮಾಲು". ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು, ಸಂಸ್ಥಾನದ ಕಾಲದ್ದು, ಒಡೆದ ಸಿತಾರಿನಿಂದ ಕಿತ್ತದ್ದು. ಮಾರಬಾರದು, ಇಟ್ಟುಕೊಳ್ಳಬಾರದು ಎಂದು ಕಾಯ್ದೆ ಬಂದು ಎಷ್ಟೋ ವರ್ಷವಾಯಿತು. ಆದರೂ ಸಾಮಾನು ತಂದವನನ್ನು ಎಲ್ಲಿಂದ ತಂದೆ ಎಂದು ಕೇಳುವುದು ಈ ಮಂದಿಯಲ್ಲಿ ಮರ್ಯಾದೆಗೇಡು. ಮೈಬೂಬನ ತಂದೆಯೂ ಕೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಐದು ವರ್ಷದ ಹಿಂದೆ, ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ, ವಿರುಪಾಕ್ಷಪ್ಪನವರು ಅವನನ್ನು ಅಕ್ಕೋಳಕ್ಕೆ ಕರೆಸಿ ಧೋತರದ ತುಂಡಿನಲ್ಲಿ ಸುತ್ತಿದ ಒಂದು ಬಿಳಿಯ ತುಣುಕು ಕೈಗಿಟ್ಟರು. ಹೊಸ ತಂಬೂರಿಗೆ ಇದರಲ್ಲೇ ಘೋಡಿ ಆಗಬೇಕು, ಬೈಠಕ್ಕಿಗೆ ಬರುವ ಗಾಯಕಿಗೆ ಉಡುಗೊರೆ ಕೊಡಬೇಕು ಎಂದರು. ಮೈಬೂಬ ಮನೆಗೆ ತಂದು ಕಾನಸು ಹಚ್ಚಿದ. ಹಳೆಯ ದಂತವಾದರೆ ಪುಡಿ ಹಿಟ್ಟಿನ ಹಾಗೆ ಹಾರುತ್ತದೆ. ಇದು ಹಾರಲಿಲ್ಲ, ಕಾನಸಿನ ಹಲ್ಲಿಗೆ ಮೆತ್ತಿಕೊಂಡಿತು. ವಾಸನೆಯೂ ಬೇರೆ. ಅವನ ಕೈ ನಿಂತಿತು. ಮರುದಿನ ಅಕ್ಕೋಳಕ್ಕೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ಆ ಮರ್ಯಾದೆ ಬಿಟ್ಟು ಕೇಳಿದ.

"ಸಾವಕಾರ್ರ, ಇದು ಯಾವಾಗಿನದ್ರಿ?"

"ಹೋದ ತಿಂಗಳ ಬಂದೈತಿ. ನಮ್ಮ ಕಬ್ಬು ಕಡಿಯೂ ಆಳುಗಳ ಮುಕಾದಮ ಬಾಳು ತಂದುಕೊಟ್ಟಾನ. ನಿನಗ ಅದೆಲ್ಲ ಯಾಕ, ದೋಸ್ತ? ನೀ ಕೆಲಸ ಮಾಡು."

ಅವನು ಕೆಲಸ ಮಾಡಿದ. ಇದನ್ನು ಅವನೇ ನನಗೆ ಹೇಳಿದ್ದು, ಮುಚ್ಚಿಡಲಿಲ್ಲ. "ತಿಳಿದೂ ತಿಳಿದೂ ಮಾಡಿದ್ನಿರಿ ಅಕ್ಕೋರ. ಬೆರಳ ಕೆಳಗ ಅದು ಹೆಂಗ ಬರ್ತಿತ್ತಂದ್ರ, ಬಿಡಾಕ ಮನಸ್ಸಾಗಲಿಲ್ಲ." ಒಂಬತ್ತು ದಿನ ಉಜ್ಜಿದ. ಅಕ್ಕೋಳದಲ್ಲಿ ವಿರುಪಾಕ್ಷಪ್ಪನವರು ತಂತಿ ಮಿಡಿದು "ಆತು" ಎನ್ನುವುದನ್ನೂ ಮರೆತು ಕಣ್ಣೊರೆಸಿಕೊಂಡರಂತೆ. ಹೊಗಳಿಕೆ ಕೇಳದೆ ಹಸಿದಿದ್ದ ಮನುಷ್ಯ, ಆಮೇಲೆ ಒಂದು ತಪ್ಪು ಮಾಡಿದ. ಜವಾರಿಯವರು ತಮಗೆ ಬಹಳ ಮೆಚ್ಚಿಗೆಯಾದ ಕೆಲಸದಲ್ಲಿ ಮಾತ್ರ ಘೋಡಿಯ ಹೊಟ್ಟೆಗೆ, ಕಾಣದ ಕಡೆ, ಮನೆತನದ ಗುರುತು ಕೆತ್ತುತ್ತಾರೆ. ಮೈಬೂಬನ ಮನೆಯದು ಜೋಳದ ಕಾಳು. ನಲವತ್ತು ವರ್ಷದಲ್ಲಿ ಅದನ್ನು ಹದಿನೈದು ಸಲವೂ ಕೆತ್ತಿರಲಿಕ್ಕಿಲ್ಲ. ಕಳ್ಳಮಾಲಿನ ಮೇಲೆ ಯಾವನಾದರೂ ಸಹಿ ಮಾಡುತ್ತಾನೆಯೇ? ಮೈಬೂಬ ಮಾಡಿದ.

ಎರಡು ವರ್ಷ ಕಳೆದ ಮೇಲೆ ಆ ಗಾಯಕಿ ಪರದೇಶಕ್ಕೆ ಹೊರಟಾಗ ವಿಮಾನ ನಿಲ್ದಾಣದಲ್ಲಿ ಆ ಬಿಳಿ ಘೋಡಿಯ ಮೇಲೆ ಯಾರದೋ ಕಣ್ಣು ಬಿತ್ತು. ಬಿಚ್ಚಿ ನೋಡಿದರು, ಹೊಟ್ಟೆಯಲ್ಲಿ ಜೋಳದ ಕಾಳು. ಮೀರಜದ ಅಂಗಡಿಗಳಲ್ಲಿ ಅದರ ಫೋಟೋ ತೋರಿಸಿದರೆ ಹುಡುಕುವ ಕೆಲಸವೇ ಇರಲಿಲ್ಲ, ಎಲ್ಲರೂ ಬೋರಗಾಂವದ ದಾರಿ ತೋರಿಸಿದರು. ಉಡುಗೊರೆ ಕೊಟ್ಟವರು ಯಾರು ಎಂದು ಗಾಯಕಿ ಹೇಳಿದ್ದಳು. ವಿರುಪಾಕ್ಷಪ್ಪನವರು ತಂಬೂರಿ ಕೊಟ್ಟದ್ದನ್ನು ಒಪ್ಪಿಕೊಂಡು, ಘೋಡಿಯ ವಿಚಾರ ತಮಗೇನೂ ಗೊತ್ತಿಲ್ಲ, ಅದು ಮಾಡಿದವನ ಸಾಮಾನು ಎಂದುಬಿಟ್ಟರು. ಮುಕಾದಮ ಬಾಳು ಊರು ಬಿಟ್ಟಿದ್ದ, ಇವತ್ತಿಗೂ ಸಿಕ್ಕಿಲ್ಲ. ಹಾಗಾಗಿ ಎಲ್ಲ ಬಂದು ನಿಂತದ್ದು ಮೈಬೂಬ ಏನು ಹೇಳುತ್ತಾನೆ ಎಂಬುದರ ಮೇಲೆ.

ಅಕ್ಕೋಳದಿಂದ ಅವನಿಗೆ ಮಾತು ಬಂತು: ಅಪ್ಪನ ಪೆಟ್ಟಿಗೆಯ ಹಳೇ ಮಾಲು ಅಂತ ಹೇಳು, ಹಳೆಯದಕ್ಕೆ ದೊಡ್ಡ ಶಿಕ್ಷೆ ಆಗೂದಿಲ್ಲ, ವಕೀಲರನ್ನ ನಾ ಇಡ್ತೀನಿ. ಅವನು ಹೂಂ ಎಂದಿದ್ದ. ಯಾಕೆ ಎನ್ನಬಾರದು? ಸಾವಕಾರರ ಹೆಸರು ಹೇಳಿದರೆ ಆ ಕಿವಿ ಹೋಯಿತು, ಕಿವಿ ಹೋದರೆ ಕೆಲಸ ಹೋಯಿತು. ಕೆಲಸ ಬಿಟ್ಟರೆ ಆ ಒಂದೇ ಖೋಲಿಯ ಮನೆಯಲ್ಲಿ ಅವನಿಗೆ ಬೇರೆ ಏನಿತ್ತು?

ಅರಣ್ಯ ಇಲಾಖೆಯವರು ಕರೆದಾಗ ಅವನು ನನ್ನನ್ನು ಜೊತೆಗೆ ಬರಲು ಕೇಳಿದ. ವಿಚಾರಣೆ ಮಾಡುವ ಅಧಿಕಾರಿ ಮಲ್ಲೇಶ ನಮ್ಮ ಶಾಲೆಯ ಪಕ್ಕದ ಓಣಿಯಲ್ಲಿ ಬೆಳೆದವನು, ಅವನ ಅಕ್ಕ ನನ್ನ ವಿದ್ಯಾರ್ಥಿನಿ. ನಾನು ಇದ್ದರೆ ಗದರಿಸಲಿಕ್ಕಿಲ್ಲ ಎಂದು ಮೈಬೂಬನ ಲೆಕ್ಕ. ಅವನು ಅಲ್ಲಿ ಮಾತಾಡುವವರ ಬಾಯಿಯನ್ನೇ ದಿಟ್ಟಿಸುತ್ತಿದ್ದ. ಹೆದರಿದ್ದಾನೆ ಎಂದುಕೊಂಡೆ ನಾನು, ದಡ್ಡಿ.

ಮಲ್ಲೇಶ ಗದರಿಸಲಿಲ್ಲ. ಚಹಾ ತರಿಸಿದ. ಮೈಬೂಬ ಕಲಿತಿದ್ದ ಪಾಠ ಒಪ್ಪಿಸಿದ: ಅಪ್ಪನ ಪೆಟ್ಟಿಗೆ, ಹಳೇ ಮಾಲು. ಮಲ್ಲೇಶ ಮೇಜಿನ ಮೇಲೆ ಒಂದು ಫೋಟೋ ಇಟ್ಟ. ಗಡಿಯಾಚೆಯ ಕಾಡಿನಿಂದ ಕಬ್ಬು ತಿನ್ನಲು ಇಳಿದು ಬಂದ ಗಂಡಾನೆ. ಬೇಲಿಯ ತಂತಿಗೆ ಯಾರೋ ಕರೆಂಟು ಬಿಟ್ಟಿದ್ದರು. ಮಗ್ಗುಲಾಗಿ ಬಿದ್ದಿತ್ತು, ಬಾಯಲ್ಲಿ ಕಬ್ಬಿನ ಸೋಗೆ ಹಾಗೇ ಇತ್ತು. ದಂತ ಇರಬೇಕಾದಲ್ಲಿ ಮುಖವನ್ನೇ ಕೊಡಲಿಯಿಂದ ಕಡಿದು ತೆಗೆದಿದ್ದರು. ನಾನು ಫೋಟೋ ತಿರುಗಿಸಿ ಇಟ್ಟೆ. ಮೈಬೂಬ ಅದನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡ.

"ಪರೀಕ್ಷೆ ವರದಿ ಇನ್ನ ಬಂದಿಲ್ಲ," ಎಂದ ಮಲ್ಲೇಶ. "ಬರ್ತೈತಿ. ನಾ ನಿಮಗ ಯಾರ ಹೆಸರೂ ಕೇಳೂದಿಲ್ಲ ಚಾಚಾ. ನಿಮ್ಮ ಕೆಲಸದ್ದ ಒಂದ ಮಾತು ಕೇಳ್ತೀನಿ. ಕಾನಸು ಹಚ್ಚಿದಾಗ ಅದು ಒಣಗಿತ್ತೋ, ಹಸಿ ಇತ್ತೋ?"

ಮೈಬೂಬನ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಉಜ್ಜುತ್ತಿತ್ತು. ಅಪ್ಪನ ಪೆಟ್ಟಿಗೆಯ ಬಗ್ಗೆ ಅವನು ಎಷ್ಟು ಸುಳ್ಳನ್ನಾದರೂ ಹೇಳುತ್ತಿದ್ದ, ಸಾವಕಾರರಿಗಾಗಿ ಜೇಲಿಗೂ ಹೋಗುತ್ತಿದ್ದ. ಆದರೆ ಕಾನಸಿನ ಕೆಳಗೆ ಏನಿತ್ತು ಎಂದು ಒಬ್ಬರು ನೇರ ಕೇಳಿದಾಗ ತಪ್ಪು ಉತ್ತರ ಕೊಡುವುದು ಅವನಿಂದ ಆಗಲಿಲ್ಲ.

"ಹಸಿ ಇತ್ತರಿ," ಎಂದ. "ಭಾಳ ಹಸಿ ಇತ್ತು."

ಹಸಿಯಾಗಿದ್ದ ಮೇಲೆ ಅಪ್ಪನ ಪೆಟ್ಟಿಗೆ ಎಲ್ಲಿ ಉಳಿಯಿತು? ಉಳಿದದ್ದೆಲ್ಲ ಒಂದರ ಹಿಂದೊಂದು ಬಂತು. ಬರೆದುಕೊಂಡದ್ದನ್ನು ನಾನೇ ಓದಿ ಹೇಳಿದೆ, ಅವನು ಹೆಬ್ಬೆಟ್ಟು ಒತ್ತದೆ ಉರ್ದುವಿನಲ್ಲಿ ಸಹಿ ಹಾಕಿದ. ಹೊರಗೆ ಬಂದ ಮೇಲೆ ಬಸ್‌ಸ್ಟ್ಯಾಂಡಿನ ತನಕ ನಡೆದೆವು. ಆಮೇಲೆ ಅವನು ಕೇಳಿದ್ದು ಒಂದೇ: "ಆ ಪ್ರಾಣಿ ಕಬ್ಬು ಬಾಯಾಗ ಇಟಗೊಂಡ ಸತ್ತೈತ್ರಿ, ನೋಡಿದ್ರೆಲಾ?"

ಅವನೂ ಆರೋಪಿಯೇ ಆಗಬೇಕಿತ್ತು. ನಿಜ ಹೇಳಿದ್ದಕ್ಕೆ ಮಾಫಿ ಕೊಟ್ಟು ಸಾಕ್ಷಿ ಮಾಡಿಕೊಂಡರು. ಮೀರಜದಿಂದ ತಂಬೂರಿ ಬರುವುದು ನಿಂತಿತು. ಇವನ ಕೈಗೆ ಕೊಟ್ಟರೆ ನಾಳೆ ನಮ್ಮ ಅಂಗಡಿಯ ಹೆಸರೂ ಬರೆಸುತ್ತಾನೆ ಎಂದು ಅವರ ಭಯ. ಬೋರಗಾಂವದಲ್ಲಿ ಚಹಾದಂಗಡಿಯವರು ಸಾವಕಾರರ ಉಪ್ಪು ತಿಂದು ಹೀಗೆ ಮಾಡಿದ ಎಂದರು. ನಾನೂ ಒಳ್ಳೆಯವಳೇನಲ್ಲ. ಶಾಲೆಯ ತಂಬೂರಿಗಳನ್ನು ಅವನಲ್ಲಿಗೆ ಒಯ್ಯಬೇಡಿ, ಕೇಸಿನ ಮನುಷ್ಯ ಎಂದು ಮುಖ್ಯಾಧ್ಯಾಪಕರು ಹೇಳಿದಾಗ, ಎಲ್ಲದಕ್ಕೂ ಬಾಯಿ ಮಾಡುವ ನಾನು ಆ ದಿನ ತೆಪ್ಪಗಿದ್ದೆ. ನಿವೃತ್ತಿಗೆ ನಾಲ್ಕು ತಿಂಗಳಿತ್ತು, ಯಾರ ಜೊತೆಗೂ ಜಗಳ ಬೇಡವೆನಿಸಿತು. ಇದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಕೋರ್ಟಿನಲ್ಲಿ ಅವನ ಸಾಕ್ಷಿ ಆದದ್ದು ಒಂದು ಬೇಸಿಗೆಯ ಮಧ್ಯಾಹ್ನ. ಆರೋಪಿಯ ಕಟಕಟೆಯಲ್ಲಿ ವಿರುಪಾಕ್ಷಪ್ಪನವರು, ಬಿಳಿ ಅಂಗಿ, ಹೆಗಲ ಮೇಲೆ ಶಲ್ಯ. ಮೈಬೂಬ ಬರುವಾಗ ಅಭ್ಯಾಸದಿಂದ ಅವರಿಗೆ ಸಲಾಮು ಮಾಡಿಬಿಟ್ಟ. ಅವರು ಗೋಡೆ ನೋಡಿದರು. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಅವನು ಸರಿಯಾಗಿ ಉತ್ತರ ಕೊಟ್ಟ. ಯಾರು ಕೊಟ್ಟರು, ಎಲ್ಲಿ ಕೊಟ್ಟರು, "ಹೋದ ತಿಂಗಳ ಬಂದೈತಿ" ಎಂದು ಯಾರು ಅಂದರು, ಎಲ್ಲ. ಆಮೇಲೆ ವಿರುಪಾಕ್ಷಪ್ಪನವರ ಪರವಾಗಿ ಬೆಳಗಾವಿಯಿಂದ ಬಂದ ವಕೀಲರು ಎದ್ದರು. ಏನೂ ಕೇಳದೆ ನಿಧಾನವಾಗಿ ನಡೆದು ಮೈಬೂಬನ ಬೆನ್ನ ಹಿಂದೆ ಹೋಗಿ ನಿಂತರು.

"ಮೈಬೂಬ, ನಿಮ್ಮ ತಂದೆ ಹೆಸರೇನು?"

ಸಾಧಾರಣ ದನಿ. ಕೊನೆಯ ಬೆಂಚಿನಲ್ಲಿದ್ದ ನನಗೂ ಕೇಳಿಸಿತು. ಮೈಬೂಬ ನ್ಯಾಯಾಧೀಶರ ಮುಖ ನೋಡುತ್ತ ನಿಂತಿದ್ದ. ವಕೀಲರು ಮತ್ತೆ ಕೇಳಿದರು, ಸ್ವಲ್ಪ ಜೋರಾಗಿ. ಅವನು ಅಲುಗಲಿಲ್ಲ. ಮೂರನೆಯ ಸಲ ಕೇಳುವ ಹೊತ್ತಿಗೆ ಬೆಂಚುಗಳಲ್ಲಿ ಕಿಸಿಕಿಸಿ ಶುರುವಾಯಿತು, ನಂತರ ನಗು. ನಗುವ ಬಾಯಿಗಳನ್ನು ನೋಡಿ ಮೈಬೂಬ ಗಾಬರಿಯಾಗಿ ತಿರುಗಿದ. ವಕೀಲರನ್ನು ಹಿಂದೆ ಕಂಡ. ಏನು ನಡೆಯಿತೆಂದು ಅವನಿಗೆ ತಿಳಿಯಿತು. ಆ ಮುಖವನ್ನು ನಾನು ನೋಡಬಾರದಿತ್ತು.

ಆ ಕ್ಷಣಕ್ಕೆ ನನಗೂ ಎಲ್ಲ ತಿಳಿಯಿತು. ಇಷ್ಟು ವರ್ಷ ಅವನ ಎದುರು ಕುಳಿತು, ರಾಗ, ಶ್ರುತಿ ಎಂದು ಭಾಷಣ ಬಿಗಿದಿದ್ದೆನಲ್ಲ, ಒಮ್ಮೆಯೂ ಕಂಡುಹಿಡಿಯಲಿಲ್ಲ. ಮತ್ತು ಈ ಗುಟ್ಟನ್ನು ವಕೀಲರಿಗೆ ಹೇಳಬಲ್ಲವರು ಜಗತ್ತಿನಲ್ಲಿ ಒಬ್ಬರೇ ಇದ್ದರು. ನನಗೆ ಎದ್ದು ಹೋಗಿ ಆ ಶಲ್ಯ ಹಿಡಿದು ಜಗ್ಗಬೇಕೆನಿಸಿತು.

ವಕೀಲರು ಈಗ ಎದುರಿಗೆ ಬಂದರು. "ಕಿವಿನೇ ಕೇಳದವರಿಗೆ ನಮ್ಮ ಕಕ್ಷಿದಾರರು ಹೋದ ತಿಂಗಳ ಬಂದೈತಿ ಅಂದದ್ದು ಹೆಂಗ ಕೇಳಿಸಿತು?"

ಮೈಬೂಬ ನ್ಯಾಯಾಧೀಶರಿಗೆ ಹೇಳಿದ. "ಕಿವಿ ಇಲ್ಲರಿ ಸಾಹೇಬ್ರ. ಬರಕೋರಿ. ಹಸಿ ಅಂತ ಗೊತ್ತಾಗಿದ್ದು ಕೈಗೆ, ಕಿವಿಗಲ್ಲ. ಇನ್ನ ಸಾವಕಾರ್ರ ಮಾತು... ಅವರ ತುಟಿ ನೋಡಕೋತ ನನ್ನ ಅರ್ಧ ಆಯುಷ್ಯ ಹೋಗೈತ್ರಿ. ಬ್ಯಾರೇದವರದ್ದು ತಪ್ಪೀತು. ಅವರದ್ದು ತಪ್ಪೂದಿಲ್ಲ. ಬೇಕಾರ ಅವರು ಈಗ ಅಲ್ಲಿಂದ ಸಾವಕಾಶ ಏನರ ಅನ್ನಲಿ, ನಾ ಇಲ್ಲಿಂದ ಹೇಳ್ತೀನಿ."

ಕೋರ್ಟು ಕಟಕಟೆಯ ಕಡೆ ತಿರುಗಿತು. ವಿರುಪಾಕ್ಷಪ್ಪನವರು ಶಲ್ಯದ ತುದಿಯನ್ನು ಎತ್ತಿ ಬಾಯಿಗೆ ಮುಚ್ಚಿಕೊಂಡರು.

ಪರೀಕ್ಷೆಯ ವರದಿಯೂ ಆ ಆನೆಯದೇ ದಂತ ಎಂದಿತ್ತು. ಮರುವರ್ಷ ವಿರುಪಾಕ್ಷಪ್ಪನವರಿಗೆ ಶಿಕ್ಷೆಯಾಯಿತು. ಅವರು ಮೇಲಿನ ಕೋರ್ಟಿಗೆ ಹೋಗಿ ಜಾಮೀನಿನ ಮೇಲೆ ಮನೆಯಲ್ಲಿದ್ದಾರೆ. ಆದರೆ ಪತ್ರಿಕೆಗಳಿಗೆ ಆನೆಯೂ ನೆನಪಿರಲಿಲ್ಲ, ಶಿಕ್ಷೆಯೂ ನೆನಪಿರಲಿಲ್ಲ. ಕಿವುಡ ಜವಾರಿಗಾರ ಎಂದು ದೊಡ್ಡ ಅಕ್ಷರದಲ್ಲಿ ಹಾಕಿದರು. ಮೀರಜದವರು ಹತ್ತು ವರ್ಷ ಅವನ ಕೆಲಸವನ್ನು ಹೊಗಳಿದ ಬಾಯಲ್ಲೇ ನಮಗೆ ಮೊದಲೇ ಸಂಶಯವಿತ್ತು ಎಂದರು. ನಾಜಿಮಾ ಬಂದು ಅತ್ತು, ನಿಪ್ಪಾಣಿಗೆ ಕರೆದಳು. ಅವನು ಹೋಗಲಿಲ್ಲ. ಅವಳು ಕೊಡಿಸಿದ ಕಿವಿಯ ಮಶೀನು ಮಾತಿಗೆ ಅಷ್ಟಿಷ್ಟು ಆಗುತ್ತದೆ. ತಂಬೂರಿ ಮಿಡಿದರೆ ಅದರೊಳಗೆ ಬರೇ ಸಿಳ್ಳೆ. ಮಶೀನನ್ನು ಅವನು ಗೋಡೆಯ ಗೂಡಿನಲ್ಲಿ ಇಟ್ಟುಬಿಟ್ಟ. ಯಾರೂ ಬರದ ಮನೆಯಲ್ಲಿ ಯಾರ ಮಾತು ಕೇಳಲಿಕ್ಕೆ ಮಶೀನು?

ಹೋದ ದೀಪಾವಳಿ ಕಳೆದ ಮೇಲೆ ನಾನು ನನ್ನ ತಂಬೂರಿ ತೆಗೆದುಕೊಂಡು ಬೋರಗಾಂವಕ್ಕೆ ಹೋದೆ. ತಂಬೂರಿಗೆ ಆಗಬೇಕಾದದ್ದು ಏನೂ ಇರಲಿಲ್ಲ ಎನ್ನಬಹುದು; ನನ್ನ ಮನಸ್ಸಿಗೆ ಆಗಬೇಕಿತ್ತು. ಅವನು ಬಾಗಿಲಲ್ಲಿ ನನ್ನನ್ನೂ ಹೆಗಲ ಮೇಲಿನ ತಂಬೂರಿಯನ್ನೂ ನೋಡಿದ. ಆಮೇಲೆ ಒಳಗೆ ಹೋಗಿ ಚಾಪೆ ಝಾಡಿಸಿ ಹಾಸಿದ.

ಹೊಸ ಘೋಡಿ ಮಾಡುತ್ತೇನೆ ಎಂದ, ಬೀಟೆ ಕಟ್ಟಿಗೆಯದು. ನಾನು ಎಂಟು ದಿನದಲ್ಲಿ ನಾಲ್ಕು ಸಲ ಹೋಗಿ ಬಂದೆ. ಎಂಟನೆಯ ದಿನ ಮತ್ತೆ ತಂತಿ ಕೂರಿಸಿ ನನ್ನ ಎದುರಿಗಿಟ್ಟು, "ನೋಡ್ರಿ ಅಕ್ಕೋರ, ತೆರೀತೇನು?" ಎಂದ.

ನಾನು ನಾಲ್ಕೂ ತಂತಿ ಮಿಡಿದೆ. ಚೆನ್ನಾಗಿತ್ತು. ಹಿಂದಿನ ಸಲ ಬಂದಾಗಲೂ ಚೆನ್ನಾಗಿತ್ತು. ಅವತ್ತಿಗೂ ಇವತ್ತಿಗೂ ಏನು ಫರಕು ಎಂದು ನನಗೆ ತಿಳಿಯಲಿಲ್ಲ. ಮೂವತ್ತೊಂದು ವರ್ಷ ಕಲಿಸಿದ್ದು ಎಲ್ಲ ಮಣ್ಣುಪಾಲು. ಅವನ ಕಣ್ಣು ನನ್ನ ತುಟಿಯ ಮೇಲಿತ್ತು. ಬೇಜಾರು ಮಾಡಬಾರದು ಎಂದು, "ತೆರೀತು ಚಾಚಾ, ಭಾಳ ಛಲೋ ತೆರೀತು," ಎಂದೆ.

ಅವನು ನಕ್ಕ. "ನಿಮಗ ಗೊತ್ತಾಗಲಿಲ್ಲರಿ. ನನ್ನ ಸಮಾಧಾನಕ್ಕ ಅಂದ್ರಿ." ಬಯ್ದು ಹೇಳಿದ್ದಲ್ಲ. ಆಮೇಲೆ ನನ್ನ ಮುಖ ನೋಡದೆ, "ಒಂದ ಸಲ ಅಕ್ಕೋಳಕ್ಕ ಒಯ್ದ ತೋರಸ್ತೀರೇನ್ರಿ?" ಎಂದ. ನನಗೆ ಕೇಳಿಸಿದ್ದು ನಿಜವೇ ಎನಿಸಿತು. ಕೋರ್ಟಿನಲ್ಲಿ ಅಷ್ಟೆಲ್ಲ ಆದ ಮೇಲೂ ಅವನಿಗೆ ಅದೇ ಕಿವಿ ಬೇಕಾಗಿತ್ತು.

ಹೋದೆ. ವಿರುಪಾಕ್ಷಪ್ಪನವರ ಹೆಂಡತಿ ಗಿರಿಜವ್ವ ಬಾಗಿಲು ತೆಗೆದು, ತಂಬೂರಿ ಕಂಡು, ಏನೂ ಕೇಳದೆ ಒಳಗೆ ಹೋದರು. ಸಾವಕಾರರು ತೂಗುಮಂಚದ ಮೇಲಿದ್ದರು. ಬಹಳ ಸೊರಗಿದ್ದರು. ಯಾರ ಕೆಲಸ ಎಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ನಾಲ್ಕನ್ನೂ ಮಿಡಿದು, ಕಣ್ಣು ಮುಚ್ಚಿ ಕುಳಿತುಬಿಟ್ಟರು. ಒಳಗೆ ಗಿರಿಜವ್ವ ಇಟ್ಟ ಚಹಾ ಉಕ್ಕಿ ವಾಸನೆ ಬಂತು.

"ನಾಕೂ ತೆರದಾವ," ಎಂದರು ಕೊನೆಗೆ. "ಇನ್ನ ಮುಟ್ಟಬಾರದು. ಬರೇ ಕಟ್ಟಿಗಿ ಮ್ಯಾಲ ಇಂಥಾದ್ದ ಮಾಡಾಂವ ನನ್ನ ಕೈಯಾಗ ಇದ್ದಾ. ನನಗ ಆ ದಂತ ಯಾಕ ಬೇಕಿತ್ತರಿ?"

ಇದನ್ನೇ ಒಂದು ಚೀಟಿಯಲ್ಲಿ ಬರೆದುಕೊಡಿ ಎಂದೆ. ಅವರ ಮುಖ ಮುಚ್ಚಿಕೊಂಡಿತು. "ನನ್ನ ಅಕ್ಷರ ಇನ್ನ ಯಾರ ಕೈಯಾಗೂ ಕೊಡೂದಿಲ್ಲ. ಅವಂಗ ನಾ ಏನೂ ಅಂದಿಲ್ಲ. ನೀವೂ ಏನೂ ಹೇಳಬ್ಯಾಡ್ರಿ." ಅವರ ಆ ತಾಕೀತು ಯಾರಿಗೆ ಬೇಕಾಗಿತ್ತು? ಆ ಮಧ್ಯಾಹ್ನವೇ ಸಿಕ್ಕ ಬಸ್ಸು ಹಿಡಿದು, ತಂಬೂರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೋರಗಾಂವಕ್ಕೆ ಬಂದೆ. ದಾರಿಯುದ್ದಕ್ಕೂ ನನಗೆ ಎಷ್ಟು ಸಂತೋಷವೆಂದರೆ, ಮದುವೆಯ ಸುದ್ದಿ ಒಯ್ಯುವವಳ ಹಾಗೆ ನಗುತ್ತಿದ್ದೆ.

ಮಗ್ಗಗಳು ಜೋರಾಗಿ ನಡೆದಿದ್ದವು. ಅವನ ಎದುರಿಗೆ ಕುಳಿತು, ತುಟಿ ಬಿಡಿಸಿ ಬಿಡಿಸಿ ಹೇಳಿದೆ. "ನಾಕೂ ತೆರದಾವ. ಇನ್ನ ಮುಟ್ಟಬಾರದು ಅಂದ್ರು. ಅವರ ಅಂದ್ರು, ಚಾಚಾ."

ಅವನು ನನ್ನ ಬಾಯಿಯನ್ನು ದಿಟ್ಟಿಸಿದ. "ಸಾವಕಾರ್ರು ಅಂದ್ರಾ?"

"ಹೌದು. ಸಾವಕಾರ್ರ."

"ನನ್ನ ಕೆಲಸಕ್ಕ?"

"ಹೌದು ಚಾಚಾ, ಖುದಾನಾಣೆ."

ಅವನ ಕಣ್ಣು ಒಂದು ಕ್ಷಣ ಮಿಂಚಿತು. ಆಮೇಲೆ ಆರಿತು. "ಮೊನ್ನೆನೂ ಹಿಂಗ ಅಂದಿದ್ರಿ, ಅಕ್ಕೋರ," ಎಂದ. "ಅವರು ನನಗ ಆತು ಅಂತ ಹೇಳಿ ಕಳಸ್ತಾರೇನ್ರಿ ಈಗ? ನೀವು ದೊಡ್ಡ ಮನಸ್ಸಿನವರು. ನನ್ನ ಮ್ಯಾಲ ಮರುಕಪಟ್ಟ ಅನ್ನಾಕತ್ತೀರಿ. ಎರಡನೇ ತಂತಿ ಇನ್ನೊಂದ ಸ್ವಲ್ಪ ಮುಚ್ಚೇತಿ ಅಂತ ನನ್ನ ಬೆರಳಿಗೆ ಅನಸ್ತೈತಿ."

ತಂತಿಯನ್ನು ಬದಿಗೆ ಸರಿಸಿ ಕಾನಸು ತೆಗೆದುಕೊಂಡ. ಬೇಡ ಎಂದು ಕೂಗಿದೆ. ಅವನು ಘೋಡಿಯ ಮೇಲೆ ಬಾಗಿದ್ದ, ನನ್ನ ಮುಖ ಅವನಿಗೆ ಕಾಣುತ್ತಿರಲಿಲ್ಲ. ಭುಜ ಹಿಡಿದು ಅಲುಗಿಸಿದೆ. ಅವನು ತಲೆ ಎತ್ತದೆ, ಇರ್ರಿ ಎನ್ನುವಂತೆ ನನ್ನ ಕೈಯನ್ನು ಮೆತ್ತಗೆ ಸರಿಸಿ, ಒಂದು ಉಜ್ಜಿದ. ಇನ್ನೊಂದು ಉಜ್ಜಿದ. ಪುಡಿ ಊದಿ, ತಂತಿ ಕೂರಿಸಿ, ಬಿರಡೆ ತಿರುವಿ, ಮಿಡಿದ.

ತಗಡಿನ ಡಬ್ಬಿ ಬಡಿದಂತಿತ್ತು. ನನಗೂ ತಿಳಿಯುವಷ್ಟು ಕೆಟ್ಟಿತ್ತು.

ಅವನು ತಲೆ ಎತ್ತಿ ನನ್ನ ತುಟಿ ನೋಡಿದ. "ಈಗ ಖರೇನ ಹೇಳ್ರಿ. ತೆರೀತಾ?"

"ತೆರೀತು," ಎಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಆ ನೀರನ್ನು ನೋಡಿ, ಈ ಸಲ ಅವನು ನಂಬಿದ.